ಟೊಳ್ಳು ಮರದ ಕೆಂಪು ಗುರುತು

ಮಂಗ... ಮಂಗಟೆ... ಅಲ್ಲ, ಮಂಗಟ್ಟೆ. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕವುಚಿ ಇಟ್ಟ ಹಾಗೆ ಕಾಣುವ ಆ ದೊಡ್ಡ ಹಕ್ಕಿಗೆ ಕಾಡಿನ ಕಡೆಯವರು ಹೇಳುವ ಹೆಸರು ಅದೇ. ಮಕ್ಕಳೇ, ಕೇಳಿ; ಇಂಚರಾ, ನೀನು ಬರೆದುಕೋ. ಈ ಕತೆ ಅಂಥ ಒಂದು ಮಂಗಟ್ಟೆಯದು.

ಹೊಳೆಯಾಚೆಯ ಕಾಡಿನಲ್ಲಿ ಒಂದು ಮುದಿ ತಾರೆ ಮರವಿತ್ತು. ಅದರ ನಡುಭಾಗದ ಪೊಟರೆಯಲ್ಲಿ ಮಂಗಟ್ಟೆಯ ಹೆಂಡತಿ ಮೊಟ್ಟೆಯಿಟ್ಟು, ಬಾಗಿಲಿಗೆ ಮಣ್ಣು ಮೆತ್ತಿ ಒಳಗೇ ಕೂತಿದ್ದಳು. ಈ ಹಕ್ಕಿಗಳ ಬಾಳಂತನವೇ ಹಾಗೆ. ತಾಯಿಯ ಹಳೆಯ ಗರಿಗಳೆಲ್ಲ ಉದುರಿರುತ್ತವೆ. ಹೊಸದು ಬರುವ ತನಕ ಹಾರಲಾಗುವುದಿಲ್ಲ. ಗಂಡ ಹಣ್ಣು ತಂದು ಗೋಡೆಯ ಸಣ್ಣ ಸೀಳಿನಿಂದ ತಿನ್ನಿಸಬೇಕು. ಒಳಗಿದ್ದ ಮರಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಮಂಗಟ್ಟೆ ಒಳ್ಳೆಯ ಗಂಡನೇ. ಆದರೆ ಯಾರಾದರೂ ತನ್ನನ್ನು ಒಂದು ಕೈ ಕಡಿಮೆ ಎಂದು ಎಣಿಸಿದರೆ ಅವನಿಗೆ ಆ ದಿನ ಗಂಟಲಲ್ಲಿ ಹಣ್ಣು ಇಳಿಯುತ್ತಿರಲಿಲ್ಲ.

ಒಂದು ಬೆಳಗ್ಗೆ ಕಾಡಿಗೆ ಟೋಪಿಯವನೊಬ್ಬ ಬಂದ. ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕೊಡಲಿ. ಪಕ್ಕದ ಹೊನ್ನೆ ಮರಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದು ಕಿವಿಯಿಟ್ಟು ಕೇಳಿದ.

"ಗಟ್ಟಿ ಮರ. ಒಳ್ಳೆಯ ಜಾತಿ," ಎಂದು ಜೊತೆಯವನಿಗೆ ಹೇಳಿ, ಕಾಂಡಕ್ಕೆ ಸರಕ್ಕನೆ ಕೆಂಪು ಬಳಿದ.

ಆಮೇಲೆ ತಾರೆ ಮರಕ್ಕೆ ಬಡಿದ. ಡೊಬ್ ಡೊಬ್ ಎಂದಿತು.

"ಟೊಳ್ಳು. ಇದಕ್ಕೆ ಬಳಿದರೆ ಬಣ್ಣ ದಂಡ," ಎಂದು ಮುಂದೆ ನಡೆದ.

ಮಂಗಟ್ಟೆಗೆ ಮೈಯೆಲ್ಲ ಉರಿಯಿತು. ಹೊನ್ನೆ ಮರದ ಕೆಂದಳಿಲು ಕೆಳಗಿಳಿದು ಬಣ್ಣವನ್ನು ಮೂಸಿ ನೋಡುತ್ತಿತ್ತು.

"ಏನು ಅಳಿಲಕ್ಕ, ನಿಮ್ಮ ಮನೆಗೆ ಕುಂಕುಮ ಬಂತು," ಎಂದ ಮಂಗಟ್ಟೆ.

"ಇದೆಂಥ ಕುಂಕುಮವೋ ಮಾರಾಯ. ವಾಸನೆಗೆ ತಲೆ ಸುತ್ತುತ್ತದೆ."

"ಕಾಡಿನಂಚಿನ ಚೌಡಮ್ಮನ ಮರ ನೋಡಿಲ್ಲವೇ? ಊರವರು ಕುಂಕುಮ ಹಚ್ಚಿದ ಮೇಲೆ ಅದರ ಒಂದು ಕಡ್ಡಿ ಮುರಿಯುವುದಕ್ಕೂ ಯಾರಿಗೂ ಧೈರ್ಯವಿಲ್ಲ. ಇನ್ನು ನಿನ್ನ ಮರವೂ ಹಾಗೇ. ನಮ್ಮಂಥವರನ್ನು ಮಾತಾಡಿಸುತ್ತೀಯೋ ಇಲ್ಲವೋ."

"ಅಲ್ಲಿ ಹಚ್ಚಿದವರು ಕೈ ಮುಗಿಯುತ್ತಾರೆ, ಮಂಗಟ್ಟೆಣ್ಣ. ಇವನು ಇಲ್ಲಿ ಉಗುಳಿ ಹೋದ."

ಹೊಟ್ಟೆಕಿಚ್ಚಿನವನಿಗೆ ಆ ಮಾತು ಕೇಳಿಸಲಿಲ್ಲ. ಮನೆಗೆ ಬಂದು ಸೀಳಿನ ಬಳಿ ಕೂತು ಗೊಣಗಿದ.

"ರೀ, ಟೊಳ್ಳು ಅಂದರೆ ಅನ್ನಲಿ ಬಿಡಿ," ಎಂದಳು ಒಳಗಿನಿಂದ ಹೆಂಡತಿ. "ಟೊಳ್ಳಾಗಿದ್ದಕ್ಕೇ ಅಲ್ಲವೇ ನಮಗೆ ಮನೆ ಸಿಕ್ಕಿದ್ದು? ಹೋಗಿ ನಾಲ್ಕು ಅತ್ತಿಹಣ್ಣು ತನ್ನಿ. ನಿಮ್ಮ ಮಗ ಹಸಿದಿದ್ದಾನೆ."

ಮಂಗಟ್ಟೆ ಹಣ್ಣಿಗೆಂದು ಹೊರಟ. ದಾರಿಯಲ್ಲಿ ಟೋಪಿಯವನು ಬುತ್ತಿ ಬಿಚ್ಚಿ ಕೂತಿದ್ದ. ಡಬ್ಬಿ ದೂರದಲ್ಲಿತ್ತು, ಮುಚ್ಚಳ ತೆರೆದೇ ಇತ್ತು. ಮಂಗಟ್ಟೆ ಇಳಿದು ಕೊಕ್ಕು ಅದ್ದಿದ. ಹಾರಿಬಂದು ತಾರೆ ಮರದ ಕಾಂಡಕ್ಕೆ ಒರೆಸಿದ. ಹೋಗಿ ಬಂದು, ಹೋಗಿ ಬಂದು, ಹೊನ್ನೆ ಮರಕ್ಕಿಂತ ದೊಡ್ಡದಾಗಿಯೇ ಬಳಿದ. ಹೆಂಡತಿಗೆ ಹೇಳಲಿಲ್ಲ. ಮಗನನ್ನು ಕರೆದುಕೊಂಡು ಹೊರಬರುವ ದಿನ ಅವಳೇ ನೋಡಿ ಬೆರಗಾಗಲಿ ಎಂದುಕೊಂಡ.

ಮಾರನೆಯ ಬೆಳಗ್ಗೆ ಮಷೀನ್ ಗರಗಸ ಹೊತ್ತವರು ಬಂದರು. ಹಗ್ಗ ಎಳೆದೊಡನೆ ಮಷೀನು ಕಿರುಚಿತು. ಗುರುತಿಲ್ಲದ ಮರಗಳನ್ನು ಬಳಸಿಕೊಂಡು ನೇರವಾಗಿ ಹೊನ್ನೆಯ ಬುಡಕ್ಕೆ ಹೋದರು. ಅಳಿಲು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಆಚೆ ಮರಕ್ಕೆ ಸಾಗಿಸಿತು. ಕೊನೆಯ ಮರಿ ದಾಟುವಷ್ಟರಲ್ಲಿ ಹೊನ್ನೆ ಉರುಳಿತು. ಕೊಯ್ದ ಜಾಗದಿಂದ ಕೆಂಪು ರಸ ಸುರಿಯಿತು.

"ಮಂಗಟ್ಟೆಣ್ಣ," ಎಂದಿತು ಅಳಿಲು ಏದುಸಿರು ಬಿಡುತ್ತ, "ಅದು ಕುಂಕುಮ ಅಲ್ಲ. ಕೊಯ್ಯುವ ಗುರುತು."

ಮಂಗಟ್ಟೆ ಕಾಂಡಕ್ಕೆ ಜೋತುಬಿದ್ದು ಬಣ್ಣವನ್ನು ಕೆರೆದ. ಎಣ್ಣೆಬಣ್ಣ, ಒಣಗಿ ಕಚ್ಚಿಕೊಂಡಿತ್ತು. ತೊಗಟೆಯ ಚೂರು ಎದ್ದಿತು, ಕೆಂಪು ಹೋಗಲಿಲ್ಲ.

"ರೀ, ಅದೇನು ಸದ್ದು? ನೀವೇನು ಕುಟ್ಟುತ್ತಿದ್ದೀರಿ?"

"ಗುರುತು ಅಳಿಸುತ್ತಿದ್ದೇನೆ. ನೀನು ಗೋಡೆ ಒಡೆ. ಬೇಗ ಒಡೆ."

"ಯಾವ ಗುರುತು? ನಮ್ಮ ಮರಕ್ಕೆ ಬಳಿಯಲಿಲ್ಲ ಅಂತ ನಿನ್ನೆ ನೀವೇ ಅಲ್ಲವೇ ಗೊಣಗಿದ್ದು?"

ಒಳಗಿನಿಂದ ಅವಳು ಕುಕ್ಕಿದಳು, ಹೊರಗಿನಿಂದ ಅವನು ಕುಕ್ಕಿದ. ಶತ್ರು ಬರಬಾರದೆಂದು ಅವಳೇ ಗಟ್ಟಿಯಾಗಿ ಮೆತ್ತಿದ್ದ ಮಣ್ಣು. ಅಂಗೈಯಗಲ ಒಡೆದಾಗ ಗರಗಸದವರು ತಾರೆಯ ಬುಡಕ್ಕೆ ಬಂದಿದ್ದರು, ಮಷೀನು ತೊಗಟೆ ದಾಟಿತ್ತು.

"ನೀವು ಹಾರಿಹೋಗಿ," ಎಂದಳು ಅವಳು. "ನನಗೆ ಗರಿಯಿಲ್ಲ, ಇವನಿಗೆ ಕಣ್ಣಿಲ್ಲ."

ಟೊಳ್ಳು ಮರ ಕೊಯ್ಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಬಿದ್ದ ಮರದ ಬುಡವನ್ನು ನೋಡಿ ಮಷೀನಿನವನು ಕಾಲಿನಿಂದ ಒದ್ದ. "ಒಳಗೆ ಒಂದು ಹಲಗೆಗೂ ಆಗುವಷ್ಟು ಮರವಿಲ್ಲ. ಯಾವ ಕುರುಡ ಇದಕ್ಕೆ ಗುರುತು ಹಾಕಿದ?"

"ನಮಗೇಕೆ? ಗುರುತಿತ್ತು, ಕೊಯ್ದೆವು. ಬಿಟ್ಟು ಬಾ," ಎಂದ ಇನ್ನೊಬ್ಬ. ಹೊನ್ನೆಯ ದಿಮ್ಮಿಗಳನ್ನು ಲಾರಿಗೆ ಹೇರಿಕೊಂಡು ಹೋದರು. ತಾರೆ ಅಲ್ಲೇ ಬಿದ್ದಿತ್ತು. ಮಂಗಟ್ಟೆ ಅತ್ತಿಹಣ್ಣು ತಂದು ಒಡೆದ ಪೊಟರೆಯ ಬಾಯಿಗೆ ಇಟ್ಟ. ಸಂಜೆಯವರೆಗೂ ಯಾರೂ ತೆಗೆದುಕೊಳ್ಳಲಿಲ್ಲ.

ಇಂಚರಾ, ಮರಿಯೊಂದಾದರೂ ಬದುಕಿತು ಎಂದು ನೀನಾಗಿ ಸೇರಿಸಬೇಡ ಮಗಳೇ. ಬದುಕಲಿಲ್ಲ. ಕೊನೆಗೆ ಈ ಒಂದು ಸಾಲು ಬರೆದುಕೋ, ಸಾಕು.

ನೀತಿ: ನಮ್ಮನ್ನು ಕಾಯುತ್ತಿರುವ ಕೊರತೆಗೆ ನಾಚಿ, ಅರ್ಥ ತಿಳಿಯದ ಗೌರವಕ್ಕೆ ಆಸೆಪಟ್ಟರೆ, ನಮ್ಮ ಮನೆಗೆ ಕೊಡಲಿಯ ದಾರಿ ನಾವೇ ತೋರಿಸಿದಂತೆ.