ನೂಲಯ್ಯನ ಐನೂರು ಎಳೆ

ಬನ್ನಿ ಮಕ್ಕಳಾ, ಹತ್ರ ಕೂತ್ಕೊಳ್ಳಿ. ಒಂದು ಕಾಡು. ಕಾಡಿನ ನಡುವೆ ಒಂದು ಹಳ್ಳ. ಹಳ್ಳದ ಈ ದಡದಲ್ಲಿ ಹೊಂಗೆ ಮರ, ಆ ದಡದಲ್ಲಿ ಅತ್ತಿ ಮರ. ಆ ಅತ್ತಿ ಮರ ಎಷ್ಟು ಎತ್ತರ ಅಂದ್ರೆ, ತುದೀಲಿರೋ ಹಣ್ಣು ಇವತ್ತು ಉದುರಿದ್ರೆ ನಾಡಿದ್ದು ನೆಲಕ್ಕೆ ಬೀಳೋದು. ನಗಬೇಡಿ, ಇದ್ದಿದ್ದನ್ನೇ ಹೇಳ್ತಿದೀನಿ.

ಹೊಂಗೆ ಮರದ ಪೊಟರೇಲಿ ಕೆಂಚಕ್ಕ ಅನ್ನೋ ಅಳಿಲು ಇದ್ಲು. ಅವಳಿಗೆ ಮೂರು ಮರಿ. ಇನ್ನೂ ಕಣ್ಣು ಬಿಟ್ಟಿರ್ಲಿಲ್ಲ, ಮೈಮೇಲೆ ಕೂದ್ಲೂ ಇರ್ಲಿಲ್ಲ. ಹಣ್ಣಾಗಿದ್ಯಾ ಅಂತ ನೋಡೋಕೆ ಕೆಂಚಕ್ಕ ದಿನಕ್ಕೆ ಹತ್ತು ಸಲ ಹಳ್ಳ ದಾಟೋಳು. ಒಂಬತ್ತು ಸಲ ಬರೀ ಕಾಯಿ. ಅಷ್ಟು ಹೊತ್ತೂ ಮರಿಗಳು ಒಂಟಿ. ಕೆಳಗಡೆ ಪೊದೇಲಿ ಒಂದು ಕೇರೆ ಹಾವು ಬೇರೆ ಇತ್ತು. ಅವಳ ಜೀವ ಅಲ್ಲೂ ನಿಲ್ತಿರ್ಲಿಲ್ಲ, ಇಲ್ಲೂ ನಿಲ್ತಿರ್ಲಿಲ್ಲ.

ಇದನ್ನ ನೋಡಿ ಪಾಪ ಅನ್ನಿಸಿದ್ದು ನೂಲಯ್ಯನಿಗೆ. ನೂಲಯ್ಯ ಅಂದ್ರೆ ಜೇಡ. ಹಳ್ಳದ ಮೇಲೆ ಬಾಗಿರೋ ಕೊಂಬೇಲಿ ಅವನ ಮನೆ, ಕೆಂಚಕ್ಕ ಹಳ್ಳ ದಾಟೋದೂ ಅದೇ ಕೊಂಬೆ ಮೇಲೆ.

"ಕೆಂಚಕ್ಕ, ಯಾಕೆ ಸುಮ್ನೆ ಓಡಾಡ್ತೀಯ?" ಅಂದ. "ಅತ್ತಿ ಮರದ ಕೆಳಗೆ ನಾನೊಂದು ಬಲೆ ಕಟ್ತೀನಿ. ಅಲ್ಲಿಂದ ನಿನ್ನ ಪೊಟರೆಗೆ ಒಂದು ಎಳೆ ಎಳೀತೀನಿ. ಹಣ್ಣು ಬಿದ್ರೆ ಎಳೆ ಒಂದು ಸಲ ಜಗ್ಗುತ್ತೆ. ಆಗ ಬಾ."

"ನಿಂಗೇನು ಕೊಡ್ಲಿ?"

"ಹಣ್ಣಿಗೆ ಮುತ್ತೋ ನೊಣ ನಂಗೆ. ಅಷ್ಟೇ."

ಆಹಾ, ಏನು ಏರ್ಪಾಟು ಅಂತೀರಿ! ಎಳೆ ಜಗ್ಗಿದ್ರೆ ಹೋಗೋದು, ಹಣ್ಣು ತರೋದು. ಕೆಂಚಕ್ಕ ಎಂಟೇ ದಿನದಲ್ಲಿ ಬೆಕ್ಕಿನಷ್ಟು ದಪ್ಪ ಆದ್ಲು. ಕಾಡೆಲ್ಲಾ ನೂಲಯ್ಯನ ಮಾತೇ ಮಾತು.

ನೂಲಯ್ಯ ಅಲ್ಲಿಗೆ ನಿಲ್ಲಿಸಿದ್ದಿದ್ರೆ ಈ ಕತೆ ಹೇಳೋ ಕೆಲಸ ನಂಗೆ ಇರ್ತಿರ್ಲಿಲ್ಲ. ನಿಲ್ಲಿಸ್ಬೇಕಲ್ಲ!

ಒಂದಿನ ಕೆಂಚಕ್ಕನೇ ಬಾಯಿ ಬಿಟ್ಲು. "ನೂಲಯ್ಯ, ನಾನು ಅತ್ತಿ ಮರದಲ್ಲಿರೋವಾಗ ಮನೆ ಹತ್ರ ಹಾವು ಬಂದ್ರೆ ಅದನ್ನೂ ಹೇಳ್ತೀಯಾ?"

ಜೇಡನಿಗೆ ಕಣ್ಣು ಎಂಟು. ಆದ್ರೆ ಒಂದು ಮೊಳದಾಚೆ ಒಂದರಲ್ಲೂ ಏನೂ ಕಾಣಲ್ಲ. ಆಗಲ್ಲ ತಾಯಿ ಅನ್ಬೇಕಿತ್ತು. ಅನ್ಲಿಲ್ಲ.

"ಅದೇನು ಮಹಾ!" ಅಂದ. ಹೊಂಗೆ ಮರದ ಬುಡದಿಂದ ಪೊಟರೆ ಬಾಗಿಲ ತನಕ ಎಳೆ ಸುತ್ತಿದ. ಅದರ ತುದೀನ ತನ್ನ ಕಾಲಿಗೆ ಕಟ್ಕೊಂಡ. ಅಲ್ಲಿಂದ ಇನ್ನೊಂದು ಎಳೆ ಅತ್ತಿ ಮರಕ್ಕೆ. "ಹಾವು ಮರ ಹತ್ತಿದ್ರೆ ನಂಗೆ ಗೊತ್ತಾಗುತ್ತೆ. ಅತ್ತಿ ಮರದಲ್ಲಿ ಇರೋವಾಗ ಈ ಎಳೇನ ಹಿಂಗಾಲಿಗೆ ಕಟ್ಕೋ. ಐದು ಸಲ ಜಗ್ಗಿದ್ರೆ ಹಾವು."

ಆವತ್ತೇ ಐದು ಸಲ ಜಗ್ತು. ಕೆಂಚಕ್ಕ ಹಣ್ಣು ಬಿಸಾಕಿ ಓಡಿ ಬಂದ್ರೆ, ಇರುವೆ ಸಾಲು! ಮಾರನೇ ದಿನ ಓಡಿ ಬಂದ್ರೆ ಹಲ್ಲಿ. ಅದರ ಮಾರನೇ ದಿನ ಬರೀ ಗಾಳಿ.

"ನೂಲಯ್ಯ, ಇದೇನಪ್ಪಾ ಇದು?"

"ಸರಿ ಮಾಡ್ತೀನಿ ಕೆಂಚಕ್ಕ. ಸೋಮವಾರ ಹೊಸ ಏರ್ಪಾಟು ಬರುತ್ತೆ, ನೋಡ್ತಿರು."

ಇದನ್ನೆಲ್ಲಾ ಎದುರು ಕೊಂಬೆಯಿಂದ ನೋಡ್ತಿದ್ದವಳು ಗೊರವಂಕ ಪುಟ್ಟೀರಮ್ಮ. ಗೊರವಂಕ ಗೊತ್ತಲ್ಲ, ಹಳದಿ ಕಾಲು, ಹಳದಿ ಕೊಕ್ಕು, ಹಾವು ಕಂಡ್ರೆ ಊರೆಲ್ಲಾ ಒಂದಾಗೋ ಹಾಗೆ ಕಿರಚೋ ಹಕ್ಕಿ. ನೀರಿನ ಸದ್ದಿಲ್ಲದ ಕಡೆ ಅವಳು ಕಿರಚಿದ್ರೆ ಮೂರು ಬೆಟ್ಟದಾಚೆ ಮಲಗಿದ್ದ ಕರಡಿ ಹಾಸಿಗೆಯಿಂದ ಉರುಳ್ತಿತ್ತು ಅಂತಾರೆ.

"ಲೋ ನೂಲ," ಅಂದ್ಲು ಪುಟ್ಟೀರಮ್ಮ, "ಹಾವು ನೋಡೋದು ನನ್ನ ಹುಟ್ಟು ಕಸುಬು ಕಣೋ. ಆದ್ರೆ ಹಳ್ಳದ ನೀರಿನ ಸದ್ದಿಗೆ ಅತ್ತಿ ಮರದಲ್ಲಿ ನನ್ನ ಕೂಗು ಅರ್ಧಂಬರ್ಧ ಕೇಳುತ್ತೆ. ನಿನ್ನ ಎಳೆ ಅಲ್ಲೀತನಕ ಚೆನ್ನಾಗಿ ಮುಟ್ಟುತ್ತೆ. ನನ್ನ ಕೊಂಬೆಗೆ ಒಂದು ಎಳೆ ಕಟ್ಟು. ನಾನು ಹಾವು ಕಂಡು ಕುಣಿದ್ರೆ ಕೊಂಬೆ ಅಲ್ಲಾಡುತ್ತೆ, ನಿನ್ನ ಎಳೆ ಜಗ್ಗುತ್ತೆ. ಮುಗೀತು."

"ನೀನು ಹುಳ ಹುಡುಕ್ಕೊಂಡು ಹೋಗಿರ್ತೀಯ, ಆಗ ಹಾವು ಬಂದ್ರೆ? ಬೈಸ್ಕೊಳ್ಳೋನು ನಾನು!"

"ನಾನು ಹೋದ್ರೆ ನಮ್ಮನೆಯವರು ಕೂತಿರ್ತಾರೆ. ನಾವಿಬ್ರೂ ಒಟ್ಟಿಗೆ ಗೂಡು ಬಿಟ್ಟಿದ್ದನ್ನ ಯಾವತ್ತಾದ್ರೂ ನೋಡಿದೀಯಾ?"

ನೋಡಿರ್ಲಿಲ್ಲ. ಒಂದು ಮೊಳದಾಚೆ ಕಂಡ್ರೆ ತಾನೆ! ಆದ್ರೂ ನೂಲಯ್ಯನ ಮೂತಿ ಸೊಟ್ಟಗಾಯ್ತು.

"ನನ್ನ ಎಳೆ ನನ್ನ ಹೊಟ್ಟೆಯಿಂದ ಬರುತ್ತೆ ಪುಟ್ಟೀರಮ್ಮ. ಇದಕ್ಕೆ ಕಂಡೋರ ಕೂಗು ಕಟ್ಟೋಕಾಗಲ್ಲ. ಎಲ್ಲಾ ನನ್ನ ಬಲೇಲೇ ಇರ್ಬೇಕು. ಹಣ್ಣು, ಹಾವು, ಮಳೆ, ಮಂಗ, ಎಲ್ಲಾ."

"ಹಾಳಾಗೋಗು," ಅಂದು ಪುಟ್ಟೀರಮ್ಮ ರೆಕ್ಕೆ ಕೆರ್ಕೊಂಡ್ಲು.

ಸೋಮವಾರ ಬಂತು. ಎರಡು ಸಲ ಜಗ್ಗಿದ್ರೆ ಮಳೆ, ಮೂರಕ್ಕೆ ಮಂಗ, ನಾಲ್ಕಕ್ಕೆ ಬಿಸಿಲು ಜಾಸ್ತಿ ಅಂತ. ಬಿಸಿಲು ಜಾಸ್ತಿ ಅಂತ ಬಿಸಿಲಲ್ಲೇ ಕೂತಿರೋಳಿಗೆ ಹೇಳೋಕೆ ಒಂದು ಎಳೆ! ಮುಂದಿನ ಸೋಮವಾರ ಐದು ಅಂದ್ರೆ ಹಾವಲ್ಲ, ಜೇನು. ಹಾವು ಹನ್ನೊಂದಕ್ಕೆ ಹೋಯ್ತು. ಹನ್ನೆರಡು ಅಂದ್ರೆ ಮೋಡ. ಕೆಂಚಕ್ಕ ಮರೀಬಾರ್ದು ಅಂತ ತೊಗಟೆ ಮೇಲೆ ಗೀರು ಹಾಕ್ಕೊಳ್ಳೋಳು. ಸೋಮವಾರ ಬಂದ್ರೆ ಅದನ್ನ ಕೆರೆದು ಮತ್ತೆ ಗೀರೋಳು. ಕೆರೆದೂ ಕೆರೆದೂ ಆ ಕಡೆ ಮರ ಬೋಳಾಗಿ ಹೋಯ್ತು.

"ನೂಲಯ್ಯ, ಹೋದ ವಾರದ್ದೇ ಚೆನ್ನಾಗಿತ್ತಲ್ಲೋ!"

"ಅಭ್ಯಾಸ ಆಗುತ್ತೆ ಕೆಂಚಕ್ಕ. ಇದು ಇನ್ನೂ ಸಲೀಸು."

ಆಮೇಲೆ ಮರ್ಯಾದೆ ಸೇರಿಸಿದ. ಯಾವ ಸುದ್ದಿ ಬರೋ ಮುಂಚೇನೂ ಎರಡು ಸಲ ಜಗ್ಗೋದು, ನಮಸ್ಕಾರ ಅಂತ. ಸುದ್ದಿ ಮುಗಿದ ಮೇಲೆ ಒಂದು ಸಲ ಜಗ್ಗೋದು, ತಿಳೀತಾ ಅಂತ. ತಿಳಿದ್ರೆ ಅವಳು ತಿರುಗಿ ಜಗ್ಗಬೇಕು. ಜಗ್ಗದೇ ಇದ್ರೆ ನಮಸ್ಕಾರದಿಂದ ಎಲ್ಲಾ ಮತ್ತೆ ಶುರು.

ಹಕ್ಕಿಗಳ ಗಲಾಟೆಗೆ ಕೆಂಚಕ್ಕನಿಗೆ ಲೆಕ್ಕ ತಪ್ತಿತ್ತು. ಅದಕ್ಕೂ ನೂಲಯ್ಯನ ಹತ್ರ ಮದ್ದಿತ್ತು. "ಬೂರುಗದ ಹತ್ತಿ ತಂದು ಕಿವಿಗೆ ತುರುಕ್ಕೋ. ನನ್ನ ಎಳೆ ಇರೋವಾಗ ಬೇರೆಯವರ ಕೂಗು ಯಾಕೆ ಬೇಕು?"

ತುರುಕ್ಕೊಂಡ್ಲು! ಏನು ಮಾಡ್ತಾಳೆ, ಮೂರು ಮರಿ ತಾಯಿ. ಹಾವಿನ ಸುದ್ದಿ ತಪ್ಪಿಹೋದ್ರೆ ಅನ್ನೋ ಭಯ.

ಹೀಗೇ ಒಂದು ತಿಂಗಳು. ಎಳೆ ಐನೂರು ಆಯ್ತು. ನಾನೂರ ತೊಂಬತ್ತು ಅಂದ್ರೆ ನಂಬ್ತೀರಾ? ಸರಿ, ಐನೂರೇ ಇಟ್ಕೊಳ್ಳಿ. ಪೊಟರೆ ಬಾಗಿಲಿಗೆ ಎಷ್ಟು ಎಳೆ ಸುತ್ತಿದ್ದ ಅಂದ್ರೆ, ಕೆಂಚಕ್ಕ ತನ್ನ ಮನೆಗೇ ಹೊಟ್ಟೆ ಒಳಗೆಳ್ಕೊಂಡು ತೂರ್ಬೇಕಿತ್ತು.

ಒಂದು ಮಧ್ಯಾಹ್ನ ಕೆಂಚಕ್ಕ ಅತ್ತಿ ಮರದಲ್ಲಿದ್ಲು. ಕಿವೀಲಿ ಹತ್ತಿ, ಹಿಂಗಾಲಲ್ಲಿ ಎಳೆ. ಈ ಕಡೆ ಕೇರೆ ಹಾವು ಪೊದೆಯಿಂದ ತಲೆ ಎತ್ತಿ, ಮೆಲ್ಲಗೆ ಹೊಂಗೆ ಮರ ಹತ್ತೋಕೆ ಶುರು ಮಾಡ್ತು.

"ಹಾವು! ಹಾವು! ಕೆಂಚೀ, ಹಾವು ಕಣೇ!" ಅಂತ ಪುಟ್ಟೀರಮ್ಮ ಗಂಟಲು ಹರ್ಕೊಂಡ್ಲು. ಅವಳ ಗಂಡನೂ ಹಾರಿ ಬಂದ. ಹತ್ತಿ ತುರುಕಿದ ಕಿವಿಗೆ ಏನು ಕೇಳುತ್ತೆ, ಮಣ್ಣು!

ನೂಲಯ್ಯನ ಎಳೆ ಜಗ್ತು, ಸುಳ್ಳು ಹೇಳ್ಬಾರ್ದು. ಮೊದಲು ಎರಡು, ನಮಸ್ಕಾರ. ಆಮೇಲೆ ಒಂದು, ಎರಡು, ಮೂರು... ಕೆಂಚಕ್ಕ ಬೆರಳಲ್ಲಿ ಎಣಿಸಿದ್ಲು. ಅಳಿಲಿಗೆ ಎರಡು ಮುಂಗಾಲು ಸೇರಿಸಿ ಇರೋದೇ ಎಂಟು ಬೆರಳು. ಅದು ಮುಗಿದ ಮೇಲೆ ಹಣ್ಣಿಟ್ಟು ಎಣಿಸಿದ್ಲು. ಒಂದು ಹಣ್ಣು ಉರುಳಿಹೋಯ್ತು.

"ಹನ್ನೊಂದಾ, ಹನ್ನೆರಡಾ? ತಿಳೀತಾ ಅಂದಿದ್ದೂ ಸೇರ್ಕೊಂಡು ಹನ್ನೆರಡಾ? ಅಯ್ಯೋ, ಮೋಡನಾ ಹಾವಾ?"

ತಲೆ ಎತ್ತಿ ನೋಡಿದ್ಲು. ಆಕಾಶದಲ್ಲಿ ಅಂಗೈಯಗಲ ಮೋಡ ಇತ್ತು. ಎಳೆ ಮತ್ತೆ ಶುರು ಮಾಡ್ತು. ಎರಡು, ನಮಸ್ಕಾರ!

ಕೆಂಚಕ್ಕನಿಗೆ ಪಿತ್ತ ನೆತ್ತಿಗೇರ್ತು. "ನಿನ್ನ ನಮಸ್ಕಾರಕ್ಕಿಷ್ಟು ಬೆಂಕಿ ಹಾಕ! ಲೋ ನೂಲಯ್ಯ, ಅದೇನು ಅಂತ ಬಾಯಲ್ಲಿ ಬೊಗಳೋ!" ಅಂತ ಕೂಗಿ, ಅವನ ಉತ್ತರ ಕೇಳ್ಬೇಕಲ್ಲ, ಕಿವಿಯಿಂದ ಹತ್ತಿ ಕಿತ್ತು ಬಿಸಾಕಿದ್ಲು.

ಕಿವಿಗೆ ಬಿದ್ದಿದ್ದು ನೂಲಯ್ಯನ ಮಾತಲ್ಲ. ನೀರಿನ ಸದ್ದಿನ ನಡುವೆ ಪುಟ್ಟೀರಮ್ಮನ ದನಿ, ಅರ್ಧಂಬರ್ಧ. "...ವು! ...ಚೀ! ಹಾ...!"

ಅಷ್ಟು ಸಾಕಾಯ್ತು. ಕೆಂಚಕ್ಕ ಹಳ್ಳ ದಾಟಿದ್ದನ್ನ ಕಣ್ಣಲ್ಲಿ ಕಂಡೋರಿಲ್ಲ. ಗಾಳಿ ಮಾತ್ರ ಇಬ್ಭಾಗ ಆಯ್ತಂತೆ. ಬಂದು ನೋಡಿದ್ರೆ ಹಾವಿನ ತಲೆ ಪೊಟರೆ ಬಾಗಿಲಲ್ಲಿ. ಪುಟ್ಟೀರಮ್ಮ, ಅವಳ ಗಂಡ ಇಬ್ರೂ ಅದರ ಬಾಲ ಕುಕ್ತಿದಾರೆ. ಅದು ತಿರುಗಿ ಬುಸ್ ಅನ್ನುತ್ತೆ, ಮತ್ತೆ ಒಳಗೆ ನುಗ್ಗುತ್ತೆ. ಕೆಂಚಕ್ಕ ಮೇಲಿಂದ ಹಾರಿದ್ಲು. ಹಾವಿನ ಮೇಲೆ ಬಿದ್ಲಾ? ಇಲ್ಲ! ನೂಲಯ್ಯನ ಎಳೆಗಳ ಮಧ್ಯೆ ಸಿಕ್ಕಿ, ತನ್ನ ಮನೆ ಬಾಗಿಲಲ್ಲೇ ತಲೆಕೆಳಗಾಗಿ ನೇತಾಡಿದ್ಲು.

"ಎಳೆ ಹರೀಬೇಡ ಕೆಂಚಕ್ಕ!" ಅಂತ ಕೊಂಬೆಯಿಂದ ನೂಲಯ್ಯ. "ನಾನು ಸರಿಯಾಗೇ ಹನ್ನೊಂದು ಜಗ್ಗಿದೀನಿ! ನೀನು ತಿರುಗಿ ಜಗ್ಗಲೇ ಇಲ್ಲ!"

ಒಳಗಿಂದ ಮರಿಯೊಂದು ಕಿರ್ ಅಂತು. ಕೆಂಚಕ್ಕ ಕರ ಕರ ಕರ ಅಂತ ಎಳೆ ಕಡಿದ್ಲು. ಒಂದು, ಹತ್ತು, ನೂರು. ಬಿಡಿಸ್ಕೊಂಡಿದ್ದೇ ಹಾವಿನ ಕತ್ತಿಗೆ ಹಲ್ಲು ಇಟ್ಲು. ಹಿಂದಿಂದ ಪುಟ್ಟೀರಮ್ಮ ಒಂದು ಕುಕ್ಕಿದ್ಲು ನೋಡಿ, ಹಾವು ಹಗ್ಗದ ಸಿಂಬಿ ಬಿಚ್ಚಿದ ಹಾಗೆ ದಬದಬ ಅಂತ ಕೆಳಗೆ ಬಿದ್ದು, ಹಿಂದೆ ನೋಡದೆ ಹೋಯ್ತು.

ಮೂರು ಮರೀನೂ ಉಳ್ಕೊಂಡ್ವು. ಚಿಕ್ಕದಕ್ಕೆ ಬಾಲದ ತುದಿ ಮಾತ್ರ ಹೋಯ್ತು.

ಆಮೇಲೆ ಕೆಂಚಕ್ಕ ಏನು ಮಾಡಿದ್ಲು ಗೊತ್ತಾ? ಬಾಗಿಲಿಂದ ಬುಡದ ತನಕ, ಬುಡದಿಂದ ಹಳ್ಳದಾಚೆ ಅತ್ತಿ ಮರದ ಬಲೆ ತನಕ, ಐನೂರರಲ್ಲಿ ಒಂದೂ ಉಳಿಯದ ಹಾಗೆ ಕಡಿದು ಹಾಕಿದ್ಲು.

ನಾಲ್ಕು ದಿನ ನೂಲಯ್ಯ ಮುಖ ಊದಿಸ್ಕೊಂಡು ಕೂತ. ಅತ್ತಿ ಮರದ ಬಲೇನೂ ಇಲ್ಲ ಅಂದ್ಮೇಲೆ ಹಣ್ಣಿನ ನೊಣ ಎಲ್ಲಿಂದ ಬರುತ್ತೆ? ಹೊಟ್ಟೆ ಚುರುಗುಟ್ಟಿದಾಗ ಬುದ್ಧಿ ಬಂತು. ಐದನೇ ದಿನ ಮೆಲ್ಲಗೆ ಪುಟ್ಟೀರಮ್ಮನ ಹತ್ರ ಹೋದ.

"ಪುಟ್ಟೀರಮ್ಮ, ನಿನ್ನ ಕೊಂಬೆಗೆ ಒಂದು ಎಳೆ ಕಟ್ಕೊಳ್ಳಾ? ಹಾವು ನೀನು ನೋಡು. ನಾನು ಸುದ್ದಿ ಮುಟ್ಟಿಸ್ತೀನಿ."

"ಇದನ್ನೇ ಅಲ್ವೇನೋ ನಾನು ಆವತ್ತಿಂದ ಬಡ್ಕೊಂಡಿದ್ದು? ಕಟ್ಕೋ, ನಂದೇನು ಹೋಗುತ್ತೆ. ಇನ್ನೊಂದು ತುದೀನ ಕೆಂಚಿ ಕಾಲಿಗೆ ಕಟ್ಬೇಕಲ್ಲ, ಹೋಗಿ ಕೇಳು."

ನೂಲಯ್ಯ ಕೊಂಬೆಗೆ ಒಂದು ತುದಿ ಬಿಗಿದು, ಇನ್ನೊಂದು ತುದಿ ಹಿಡ್ಕೊಂಡು ಹೊಂಗೆ ಮರಕ್ಕೆ ಬಂದ.

"ಕೆಂಚಕ್ಕ, ಈ ಸಲ ಒಂದೇ ಎಳೆ. ಒಂದು ಜಗ್ಗಿದ್ರೆ ಹಾವು. ಪುಟ್ಟೀರಮ್ಮನೂ ಒಪ್ಪಿದಾಳೆ. ಕಾಲು ಕೊಡು."

ಕೆಂಚಕ್ಕ ತಿರುಗಿ ನೋಡಿದ್ಲು. ಅವಳ ಹಿಂದೆ ಮೂರು ಮರಿ, ಕಣ್ಣು ಪಿಳಿಪಿಳಿ ಬಿಟ್ಕೊಂಡು, ಕೊಂಬೆ ಮೇಲೆ ಸಾಲಾಗಿ ನಿಂತಿದ್ವು.

"ಚೆನ್ನಾಗಿದೆ ನೂಲಯ್ಯ," ಅಂದ್ಲು. "ಇವರಿಗೆ ಕಣ್ಣು ಬರೋ ಮುಂಚೆ ತಂದಿದ್ರೆ ಎರಡೂ ಕಾಲು ಕೊಡ್ತಿದ್ದೆ. ಈಗ ನನ್ನ ಜೊತೇಲೇ ಕರ್ಕೊಂಡು ಹೋಗ್ತೀನಿ. ಬನ್ರೋ."

ನಾಲ್ಕೂ ಸಾಲಾಗಿ ಹಳ್ಳ ದಾಟಿ ಹೋದ್ವು. ನೂಲಯ್ಯ ಎಳೆಯ ತುದಿ ಹಿಡ್ಕೊಂಡು, ಕಟ್ಟೋಕೆ ಒಂದು ಕಾಲೂ ಇಲ್ಲದೆ, ಅಲ್ಲೇ ನಿಂತಿದ್ದ.

ನೀತಿ: ನಿನಗೆ ಬರೋ ಕೆಲಸ ಅಚ್ಚುಕಟ್ಟಾಗಿ ಮಾಡು, ಬಾರದ್ದಕ್ಕೆ ಬಲ್ಲೋರ ಜೊತೆ ಹೊತ್ತಿಗೆ ಸರಿಯಾಗಿ ಕೈ ಜೋಡಿಸು, ಎಲ್ಲಾ ನನ್ನಲ್ಲೇ ಇರ್ಲಿ ಅಂತ ಹೊರಟ್ರೆ ನಂಬಿದೋರೂ ಇರಲ್ಲ, ಬರ್ತಿದ್ದ ಕೆಲಸಾನೂ ಉಳಿಯಲ್ಲ.