ಕಂಪ್ಯೂಟರಿನೊಳಗಿನ ಹೊಳೆ

"ಸುಮ್ಮ ಕೂಡಬ್ಯಾಡ್ರಿ. ಏನರ ಕಲೀರಿ."

ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ. ನಾನು ಅಂಬಿಗ. ಓದಿದ್ದು ಮೂರನೇ ಇಯತ್ತೆ. ಅವಳ ದಿನಕರ್ಮ ಮುಗಿಸಿ ಹೊಳೆದಂಡೆಯ ಆಶ್ರಮಕ್ಕೆ ಹೋದೆ.

ಅಲ್ಲಿ ನೀಲವ್ವನವರು ರೇಡಿಯೋ ವಿದ್ಯೆ ಕಲಿಸುತ್ತಿದ್ದರು. ಪೊಲೀಸ್ ವೈರ್‌ಲೆಸ್ಸಿನಲ್ಲಿ ಇದ್ದು ಬಂದವರು.

"ಹೊಳಿ ತುಂಬಿದಾಗ ಬಸುರೇರನ್ನ ದೋಣ್ಯಾಗ ದಾಟಸಬೇಕು. ಆಚಿ ದಡದ ನರ್ಸಮ್ಮ ಹೇಳೂದು ದೋಣ್ಯಾಗ ಕೇಳಬೇಕು. ನಡುಹೊಳ್ಯಾಗ ದನಿ ಕಡೀತೈತಿ. ಅದನ್ನ ಸರಿಮಾಡು."

"ಹೊಳೀಗೆ ಹೋಗಿ ನೋಡ್ಲೇನ್ರಿ?"

"ಮೊದಲ ಇದರಾಗ ಹೊಳಿ ಮಾಡು." ಕಂಪ್ಯೂಟರ್ ತೋರಿಸಿದರು.

ದನಿ ಒಂದೇ ದಾರಿಯಲ್ಲಿ ಬರುವುದಿಲ್ಲ. ನೆಟ್ಟಗೆ ಒಂದು. ಬಂಡೆಗೆ ಬಡಿದು ಒಂದು. ನೀರಿಗೆ ಬಡಿದು ಒಂದು. ಮೂರೂ ಕೂಡಿದಾಗ ಒಂದು ಕಡೆ ಜೋರಾಗುತ್ತವೆ. ಇನ್ನೊಂದು ಕಡೆ ಒಂದನ್ನೊಂದು ನುಂಗುತ್ತವೆ. ಅದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರಿಗೆ ಬರೆದುಕೊಡಬೇಕು. ಅವರು ಕೂತು ಕಲಿಸಿದರು. ನನಗೆ ಒಂದು ಮಳೆಗಾಲ ಹಿಡಿಯಿತು. ಬಂಡೆ ಎಷ್ಟು ದೂರ ಅಂತ ಮಾತ್ರ ಯಾರನ್ನೂ ಕೇಳಬೇಕಾಗಲಿಲ್ಲ.

ಮುಗಿಸಿ ಅವರನ್ನು ಕರೆದೆ. ಮೊದಲೇ ತುಂಬಿಟ್ಟಿದ್ದ ನರ್ಸಮ್ಮನ ದನಿ, ಕಂಪ್ಯೂಟರಿಗೆ ಜೋಡಿಸಿದ್ದ ರೇಡಿಯೋದಲ್ಲಿ ಗಂಟೆ ಬಾರಿಸಿದ ಹಾಗೆ ಬಂತು.

ಅವರು ಪರದೆಗೆ ಬಗ್ಗಿ ನೋಡಿದರು.

"ದೋಣಿ ಎಲ್ಲೈತಿ?"

"ದಡದಾಗ್ರಿ."

"ಯಾಕ?"

"ಬಿಟ್ರ ದನಿ ಹೋಗ್ತೈತ್ರಿ. ಅದಕ್ಕ ಕಟ್ಟೀನ್ರಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಜನ್ಮೆಲ್ಲ ದೋಣಿ ನಡಿಸಿದಾಂವ, ಕಂಪ್ಯೂಟರಿನಾಗ ಗೂಟಕ್ಕ ಕಟ್ಟೀಯಲ್ಲೋ. ಬಸುರೀಗೆ ದಡದಾಗ ಕುಂತು ಹಡೀ ಅಂತೀಯೇನು?"

ನನಗೂ ನಗು ಬಂತು. ಹೆಂಡತಿ ಹೋದ ಮೇಲೆ ಮೊದಲ ಸಲ.

"ಹೋದ ದನಿ ತಿರುಗಿ ಬಂತೋ, ಇಲ್ಲೋ?"

"ಕಾಯಲಿಲ್ರಿ. ಸಣ್ಣಾದ ಕೂಡಲೆ ರೇಡಿಯೋ ಬಂದ್ ಆಗೂ ಹಂಗ ಬರದೀನ್ರಿ."

"ಅದ್ಯಾಕ?"

"ಏನೂ ಕೇಳದಂಗಾದ್ರ ನನಗ ಕೂಡಾಕ ಆಗೂದಿಲ್ರಿ, ಅವ್ವಾರ."

ಅವರು ಎದ್ದರು. "ನಾಳೆ ಬಿಚ್ಚು" ಅಂದರು. ಹೋದರು.

ಮರುದಿನ ಬೆಳಗ್ಗೆ ಬಂದ್ ಮಾಡುವ ಸಾಲು ಅಳಿಸಿದೆ. ದೋಣಿ ಬಿಚ್ಚಿದೆ. ಅವರು ಬಂದು ಪಕ್ಕದಲ್ಲಿ ಕೂತರು.

ಕಂಪ್ಯೂಟರಿನ ಹೊಳೆಯಲ್ಲಿ ದೋಣಿ ಹೊರಟಿತು. ನರ್ಸಮ್ಮ ಮಾತಾಡುತ್ತಿದ್ದಳು. ದನಿ ಸಣ್ಣದಾಯಿತು. ಇಲ್ಲವಾಯಿತು.

ನನ್ನ ಕೈ ರೇಡಿಯೋ ಬಂದ್ ಮಾಡುವ ಗುಂಡಿಯ ಕಡೆ ಹೋಯಿತು. ಅವರು ಮಣಿಕಟ್ಟು ಹಿಡಿದರು.

ದೋಣಿ ಎರಡು ಮೊಳ ಸರಿಯಿತು.

"…ಉಸಿರು ಎಳಕೊಳ್ಳಾಕ ಹೇಳ್ರಿ" ಅಂದಳು ನರ್ಸಮ್ಮ.

ನಾನು ಉಸಿರು ಎಳೆದುಕೊಂಡೆ. ಅವ್ವಾರು ನಕ್ಕರು. "ನಿನಗಲ್ಲೋ. ದನಿ ಕಡದಲ್ಲಿ ಬಂದ್ ಮಾಡಬ್ಯಾಡ, ದೋಣಿ ಎರಡು ಮೊಳ ಸರಿಸು, ಸಾಕು. ಏಳು, ಈ ರೇಡಿಯೋ ಖರೇ ದೋಣಿಗೆ ಏರಿಸು."

ರೇಡಿಯೋ ಎತ್ತಿಕೊಂಡೆ. ಹೊಸ್ತಿಲಲ್ಲಿ ನಿಂತೆ.

"ಅವ್ವಾರ, ನಡುವ ಒಂದು ಗಳಿಗಿ ಏನೂ ಕೇಳಲಿಲ್ಲ. ಆವಾಗ ದನಿ ಎಲ್ಲಿ ಹೋಗಿತ್ರಿ?"

"ಎಲ್ಲಿಗೂ ಹೋಗಿರಲಿಲ್ಲೋ. ಮೂರೂ ದಾರೀಲೆ ನಿನ್ನ ಹತ್ರನ ಬಂದಿತ್ತು."