ಕುಂಬಳಕಾಯಿಯ ಅಪ್ಪ ಯಾರು?

ಶಿಷ್ಯ ಕೇಳಿದ: "ಗುರುಗಳೇ, ಊಟಕ್ಕೆ ಕೂರುವ ಮುಂಚೆ ಮಠದಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿಯಬೇಕು ಅನ್ನುವ ನಿಯಮ ಇಟ್ಟಿದ್ದೀರಿ. ನಿದ್ದೆಗೆಟ್ಟು ಓದಿದವನು ನಾನು. ಬಾಯಿಪಾಠ ಮಾಡಿದವನು ನಾನು. ನಾನು ಯಾರ ಹಂಗಿನಲ್ಲೂ ಇಲ್ಲ. ಸೊಪ್ಪು ಹೆಚ್ಚುವವನಿಗೂ ಕಸ ಗುಡಿಸುವವನಿಗೂ ನಾನೇಕೆ ಕೈಮುಗಿಯಲಿ?"

ಗುರು ನಕ್ಕು, "ಕೂತುಕೋ" ಎಂದರು. ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಸುದ್ದಿ ಬಿಡು, ಅವನ ಮನೆಯಲ್ಲೇ ಅವನ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಸುದ್ದಿಯೆಲ್ಲ ಅವನ ಹೆಂಡತಿಯದು. ಚಳಿಗಾಲ ಬಂತೆಂದರೆ ಬೀದಿಗೆ ಬೀದಿಯೇ ಅವಳ ಅಂಗಳದ ಮಾತಾಡುತ್ತಿತ್ತು.

ಧನುರ್ಮಾಸದ ಮೂವತ್ತು ದಿನವೂ ಆ ಊರಿನ ಹೆಂಗಸರು ಬೆಳಕು ಹರಿಯುವ ಮುಂಚೆ ಅಂಗಳ ಸಾರಿಸುತ್ತಿದ್ದರು. ರಂಗೋಲಿ ಬಿಡುತ್ತಿದ್ದರು. ಸಗಣಿಯ ಉಂಡೆ ಮಾಡಿ, ಬೆನಕ ಎಂದು ರಂಗೋಲಿಯ ನಡುವೆ ಕೂರಿಸಿ, ಅದರ ನೆತ್ತಿಗೆ ಕುಂಬಳದ ಹೂ ಸಿಕ್ಕಿಸುತ್ತಿದ್ದರು. ಮಿಕ್ಕವರ ಅಂಗಳದಲ್ಲಿ ಬೆನಕ ಒಂದೋ ಮೂರೋ. ಇವಳ ಅಂಗಳದಲ್ಲಿ ಇಪ್ಪತ್ತೊಂದು. ಮಂಜು ಸರಿದು ಎಳೆಬಿಸಿಲು ಬಿದ್ದರೆ ಹಳದಿಯೋ ಹಳದಿ. ದಾರಿಹೋಕರು ನಿಂತು ನೋಡುತ್ತಿದ್ದರು. ಅವಳು ಹೊಸ್ತಿಲಲ್ಲಿ ಕೂತು, ಏನೂ ಗೊತ್ತಿಲ್ಲದವಳಂತೆ ಅವರೆಕಾಯಿ ಬಿಡಿಸುತ್ತಾ, ನಿಂತವರು ಯಾರು, ನಿಲ್ಲದೆ ಹೋದವರು ಯಾರು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದಳು.

"ಪರರ ಹಿತ್ತಿಲಿನ ಒಂದು ಎಸಳು ಮುಟ್ಟಿದವಳಲ್ಲ ನಾನು. ನನ್ನ ಬಳ್ಳಿ, ನನ್ನ ಹೂವು, ನನ್ನ ಅಂಗಳ," ಎಂದು ಬಾವಿಕಟ್ಟೆಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಪಕ್ಕದ ಮನೆ ಒಬ್ಬ ನೇಕಾರನದು. ಅವನ ಹೆಂಡತಿಗೆ ಚಳಿಯೆಂದರೆ ಆಗದು. ಅವಳ ಹಿತ್ತಿಲಲ್ಲೂ ಕುಂಬಳದ ಬಳ್ಳಿಯಿತ್ತು, ಸೂರಿನ ಮೇಲೆಲ್ಲ ಹಬ್ಬಿ ಹೂವೋ ಹೂವು. ಆದರೆ ಅವಳು ಕೈಗೆ ಸಿಕ್ಕ ಒಂದು ಹೂ ಕಿತ್ತು, ಸೊಟ್ಟ ರಂಗೋಲಿಯ ನಡುವೆ ಒಂದು ಬೆನಕ ಕೂರಿಸಿ, ಓಡಿಹೋಗಿ ಒಲೆ ಮುಂದೆ ಕೂರುವಳು. ವ್ಯಾಪಾರಿಯ ಹೆಂಡತಿ ದಿನವೂ ಅದನ್ನು ನೋಡಿ ಮೂಗು ಮುರಿಯುವಳು. ನೋಡದೆ ಇದ್ದರೆ ಅವಳಿಗೆ ಕಾಫಿ ಸೇರುತ್ತಿರಲಿಲ್ಲ.

ಆ ವರ್ಷ ಅವಳಿಗೆ ಇನ್ನೊಂದು ಸಂಭ್ರಮ. ಮಗಳು ಬಸುರಿಯಾಗಿ ತವರಿಗೆ ಬಂದಿದ್ದಳು. ಶಿವರಾತ್ರಿ ಕಳೆದ ಮೇಲೆ ಸೀಮಂತ. "ನಮ್ಮ ಹಿತ್ತಿಲಿನದೇ ಕುಂಬಳಕಾಯಿ, ಅದರದೇ ಕಡುಬು, ಅದರದೇ ಹುಳಿ. ಬೇರೆ ಕಾಯಿ ಈ ಮನೆಯ ಹೊಸ್ತಿಲು ದಾಟುವುದಿಲ್ಲ," ಎಂದು ಬೀಗರ ಮುಂದೆ ಜಂಬ ಕೊಚ್ಚಿಬಿಟ್ಟಿದ್ದಳು. ಬೀಗಗಿತ್ತಿ ಅಂಥ ಮಾತು ಮರೆಯುವ ಪೈಕಿ ಅಲ್ಲ.

ಹೀಚು ಹೊತ್ತ ಹೆಣ್ಣು ಹೂವನ್ನು ಕೀಳಬಾರದು, ಉದ್ದ ತೊಟ್ಟಿನ ಗಂಡು ಹೂವನ್ನಷ್ಟೇ ಕೀಳಬೇಕು. ಇದು ಅವಳಿಗೂ ಗೊತ್ತು. ಹೆಣ್ಣು ಹೂವೊಂದನ್ನೂ ಅವಳು ಮುಟ್ಟಲಿಲ್ಲ. ಗಂಡು ಹೂವೊಂದನ್ನೂ ಬಿಡಲಿಲ್ಲ. ಒಂದು ಕುಡಿ ಗೋಡೆ ಹತ್ತಿ ನೇಕಾರನ ಸೂರಿಗೆ ಹರಿದಿತ್ತು. ಅದರ ಗಂಡು ಹೂವನ್ನೂ ಏಣಿ ಹಾಕಿ ದೋಟಿಯಿಂದ ಎಳೆದುಕೊಂಡಳು.

ಸಂಕ್ರಾಂತಿ ಹೊತ್ತಿಗೆ ಹೀಚುಗಳು ಹಳದಿಯಾದವು. ಒಂದೊಂದೇ ಉದುರಿದವು. ಬೀಗಗಿತ್ತಿಯ ಮುಖ ಅವಳ ಕಣ್ಣ ಮುಂದೆ ಬಂತು. ನೆಟ್ಟಗೆ ಬೀದಿಗೆ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಯಾರ ಕಣ್ಣು ಅಂತ ನನಗೆ ಗೊತ್ತು ಕಣೇ! ಒಂದು ಹೂ ಇಡುವವಳಿಗೆ ಇಪ್ಪತ್ತೊಂದು ನೋಡಿ ಹೊಟ್ಟೆ ಉರಿಯದೆ ಇರುತ್ತದೆಯೇ?"

ನೇಕಾರನ ಹೆಂಡತಿ ಕೈಯಲ್ಲಿ ಲಾಳಿ ಹಿಡಿದೇ ಹೊರಗೆ ಬಂದಳು. "ಅಕ್ಕಾ, ನನ್ನ ಕಣ್ಣಿಗೆ ಅಷ್ಟು ಶಕ್ತಿಯಿದ್ದಿದ್ದರೆ ಮೊದಲು ನನ್ನ ಗಂಡನ ಮೇಲೆ ಬಿಡುತ್ತಿದ್ದೆ. ಬಿಸಿಲೇರಿದರೂ ಏಳುವುದಿಲ್ಲ ಅವನು."

ಬೀದಿಯೆಲ್ಲ ನಕ್ಕಿತು. ವ್ಯಾಪಾರಿಯ ಹೆಂಡತಿ ಅಂದಿನಿಂದ ಆ ಮನೆಯ ಕಡೆ ತಿರುಗುವುದನ್ನೇ ಬಿಟ್ಟಳು. ಬಿಟ್ಟಳು ಅಂದರೆ, ಓರೆಗಣ್ಣಿನಲ್ಲಿ ನೋಡಿದಳು.

ಹಾಗೆ ಓರೆಗಣ್ಣಿನಲ್ಲಿ ನೋಡುವಾಗಲೇ ಒಂದು ದಿನ ನೇಕಾರನ ಸೂರಿನ ಮೇಲೆ ಒಂದು ಕಾಯಿ ಕಂಡಿತು. ಚೊಂಬಿನಷ್ಟು ದಪ್ಪ. ಏಣಿ ಹತ್ತಿ ಕುಡಿ ಹಿಡಿದು ನೋಡಿದಳು. ತನ್ನದೇ ಬಳ್ಳಿ! ಏಣಿಯ ಮೇಲಿಂದಲೇ ಕೂಗಿದಳು: "ನೋಡಿ ಬನ್ನಿ ಎಲ್ಲರೂ! ಯಾರ ಕಣ್ಣು ಬಿದ್ದರೂ ನನ್ನ ಬಳ್ಳಿ ಹೆತ್ತಿದೆ. ಯಾರ ಹಂಗೂ ಇಲ್ಲದೆ ಹೆತ್ತಿದೆ!"

ಮಗಳ ಹೊಟ್ಟೆ ನೋಡಲು ಬಂದಿದ್ದ ಸೂಲಗಿತ್ತಿ ಆಗ ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳು ಕತ್ತೆತ್ತಿ ಕೇಳಿದಳು: "ಅಲ್ಲಾ ಕಣವ್ವಾ, ನಿನ್ನ ಬಳ್ಳಿಯ ಗಂಡು ಹೂ ಎಲ್ಲಿ?"

"ಒಂದೂ ಬಿಡದೆ ಬೆನಕನಿಗೆ ಇಟ್ಟೆ, ಅಜ್ಜೀ!"

"ಈ ಊರಿನ ಅರ್ಧ ಜನ ನನ್ನ ಕೈಯಲ್ಲೇ ಹುಟ್ಟಿದ್ದು. ಗಂಡಿನ ಸುಳಿವಿಲ್ಲದೆ ಹೆತ್ತವಳನ್ನು ನಾನಂತೂ ಕಾಣೆ. ನಿನ್ನ ಮನೆಯ ಗಂಡುಗಳೆಲ್ಲ ಅಂಗಳದಲ್ಲಿ ಸಗಣಿಯ ಮೇಲೆ ಕೂತಿದ್ದವು. ಹಾಗಾದರೆ ಈ ಮಗುವಿನ ಅಪ್ಪ ಯಾರವ್ವಾ?"

ಸೂರಿನ ಮೇಲೆ ಎರಡು ಮನೆಯ ಬಳ್ಳಿಯೂ ಒಂದಕ್ಕೊಂದು ತಬ್ಬಿಕೊಂಡು ಮಲಗಿದ್ದವು. ನೇಕಾರನ ಬಳ್ಳಿಯ ಗಂಡು ಹೂವುಗಳ ಸುತ್ತ ಜೇನು ಗುಂಯ್ಗುಟ್ಟುತ್ತಿತ್ತು. ಬೀದಿಯ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ವ್ಯಾಪಾರಿಯ ಹೆಂಡತಿಗೆ ಇಳಿಯಲೂ ಆಗದು, ಮೇಲೆ ನಿಲ್ಲಲೂ ಆಗದು. ಮುಖ ಕೆಂಪೇರಿತು. ಆಮೇಲೆ ತುಟಿ ಅಲುಗಿತು. ಆಮೇಲೆ ಏಣಿ ನಡುಗುವ ಹಾಗೆ ನಕ್ಕಳು. ಅಷ್ಟು ನಕ್ಕಿದ್ದನ್ನು ಅವಳ ಗಂಡನೂ ಕಂಡಿರಲಿಲ್ಲ.

ಸೀಮಂತಕ್ಕೆ ಅವಳೇ ಅರಿಸಿನ ಕುಂಕುಮದ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋಗಿ ಕರೆದಳು. ನೇಕಾರನ ಹೆಂಡತಿ ಹೊಸ ಸೀರೆ ಉಟ್ಟು ಬಂದು, ಬಾಗಿಲಲ್ಲೇ ನಿಂತು, "ನಾನು ಗಂಡಿನ ಕಡೆಯವಳು. ಕಾಲಿಗೆ ನೀರೆಲ್ಲಿ?" ಎಂದಳು. ವ್ಯಾಪಾರಿಯ ಹೆಂಡತಿ ಚೊಂಬು ತುಂಬ ನೀರು ತಂದು ಸುರಿದಳು, ಅರ್ಧ ಕಾಲಿಗೆ, ಅರ್ಧ ಸೀರೆಗೆ. ಅಂದಿನ ಕಡುಬನ್ನು ನಿಜವಾದ ಬೀಗಗಿತ್ತಿ ಮೂರು ಸಲ ಹಾಕಿಸಿಕೊಂಡಳು.

ಮರುವರ್ಷ ಧನುರ್ಮಾಸದಲ್ಲಿ ವ್ಯಾಪಾರಿಯ ಮನೆ ಮುಂದೆ ಬೆನಕ ಐದೇ. ಹಿತ್ತಿಲ ತುಂಬ ಹೂವು ಬಳ್ಳಿಯಲ್ಲೇ ಇತ್ತು. ರಂಗೋಲಿ ಮಾತ್ರ ಅವಳ ಅಂಗಳ ಮುಗಿದರೂ ಮುಗಿಯದೆ ನೇಕಾರನ ಹೊಸ್ತಿಲವರೆಗೆ ಹರಿದಿತ್ತು. ದಾರಿಹೋಕರು ಮೊದಲಿಗಿಂತ ಹೆಚ್ಚು ಹೊತ್ತು ನಿಂತರು. ಅವಳು ಮಾತ್ರ ಯಾರು ನಿಂತರೆಂದು ನೋಡಲಿಲ್ಲ. ಪಕ್ಕದವಳ ಜೊತೆ ಅವರೆಕಾಯಿ ಬಿಡಿಸುತ್ತಾ ಮೂರನೆಯ ಮನೆಯವಳ ಸುದ್ದಿಯಲ್ಲಿ ಮುಳುಗಿದ್ದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ. "ಆದರೆ ಗುರುಗಳೇ, ನೇಕಾರನ ಹೆಂಡತಿ ಉಪಕಾರ ಮಾಡಲೆಂದು ಹೂ ಉಳಿಸಿದವಳಲ್ಲ. ಚಳಿಗೆ ಸೋಮಾರಿಯಾಗಿ ಬಿಟ್ಟವಳು. ತಾನು ಕೊಟ್ಟೆನೆಂದು ಅವಳಿಗೇ ಗೊತ್ತಿರಲಿಲ್ಲ."

ಗುರು ಹೇಳಿದರು: "ನಿನಗೆ ಕೊಟ್ಟವರಿಗೂ ಗೊತ್ತಿಲ್ಲ ಮಗು, ಅದಕ್ಕೇ ಯಾರೂ ಕೊಡಲಿಲ್ಲ ಅಂದುಕೊಂಡಿದ್ದೀಯೆ."